ಖಾಲಿ ಬಿಟ್ಟ ಸ್ಲಾಟು: ಜರ್ಮನಿಯ ಮನೆಗಳಲ್ಲಿ ಗ್ರಾಫಿಕ್ಸ್ ಕಾರ್ಡಿನ ಚರಿತ್ರೆ



ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೊಂದು ವಿವಾದ ಹುಟ್ಟಿತು. ಹತ್ತನೆಯ ತರಗತಿಯಲ್ಲಿರುವ ಮಗನಿಗೆ ಐದು ವರ್ಷಗಳ ಹಿಂದೆ ಅಂಗಡಿಯಿಂದ ಜೋಡಿಸಿದ ಸ್ಥಿತಿಯಲ್ಲೇ ಕೊಂಡು ಕೊಟ್ಟಿದ್ದ ಗೇಮಿಂಗ್ ಕಂಪ್ಯೂಟರ್ ಹೊಸ ಆಟಗಳ ಭಾರಕ್ಕೆ ಏದುಸಿರು ಬಿಡತೊಡಗಿತ್ತು. ಹೊಸ ಯಂತ್ರವೇ ಬೇಕೆಂಬುದು ಅವನ ಹಟ. ಅದರ ಬೆಲೆ 1200 ಯೂರೋ. ಮುನ್ನೂರಕ್ಕಿಂತ ಒಂದು ಕಾಸೂ ಹೆಚ್ಚಿಲ್ಲವೆಂಬುದು ನಮ್ಮ ತೀರ್ಪು. ಎರಡು ದಿನ ಊಟದ ಮೇಜಿನಲ್ಲಿ ಮೌನ ನೆಲೆಸಿತ್ತು. ಊರಿನಿಂದ ಬಂದು ನಮ್ಮೊಡನಿದ್ದ ತಂದೆಯವರು ಮೂರನೆಯ ದಿನ ಮೊಮ್ಮಗನನ್ನು ಕರೆದು, “ಗಾಲಿ ಸವೆದರೆ ಗಾಡೀನೇ ಮಾರ್ತಾರೇನೋ ಮಗಾ? ಆ ಪೆಟ್ಟಿಗೆ ಬಿಚ್ಚಿ ನೋಡು, ಸವೆದದ್ದು ಯಾವುದು ಅಂತ” ಎಂದರು.

ಪೆಟ್ಟಿಗೆಯನ್ನು ಬಿಚ್ಚಿದೆವು. ವೃತ್ತಿಯಿಂದ ನಾವು ವೈದ್ಯರು. ಮನುಷ್ಯದೇಹದ ಒಳಗನ್ನು ಬಲ್ಲೆವೇ ಹೊರತು ಕಂಪ್ಯೂಟರಿನ ಒಳಗನ್ನು ಅಲ್ಲಿಯವರೆಗೆ ಕಂಡವರಲ್ಲ. ಆದರೆ ಆ ಸಂಜೆ ಮದರ್‌ಬೋರ್ಡಿನ ಮೇಲೆ ಅಡ್ಡಲಾಗಿದ್ದ ಉದ್ದನೆಯ ಸ್ಲಾಟು ನಮ್ಮ ಕುತೂಹಲವನ್ನು ಕೆರಳಿಸಿತು. ತಾನು ಕಾಣದ, ಇನ್ನೂ ಹುಟ್ಟದ ಬಿಡಿಭಾಗವೊಂದಕ್ಕೆ ತಯಾರಕನು ಅಲ್ಲಿ ಜಾಗ ಮಾಡಿಟ್ಟಿದ್ದನು. ಅದು ಎಲ್ಲಿಂದ ಬಂದಿತು, ನಾವು ನೆಲೆಸಿರುವ ಈ ದೇಶದಲ್ಲಿ ಅದರ ಕಥೆಯೇನು, ನಮ್ಮ ಕನ್ನಡಕ್ಕೂ ಅದಕ್ಕೂ ಸಂಬಂಧವಿದೆಯೇ ಎಂದು ಓದುತ್ತ ಹೋದಂತೆ ಕಂಡುಬಂದ ಸಂಗತಿಗಳನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ. ಕಡಿಮೆ ಖರ್ಚಿನಲ್ಲಿ ಯಂತ್ರವನ್ನು ನವೀಕರಿಸಲೆಳಸುವ ಕುಟುಂಬಗಳಿಗೆ ನಮ್ಮ ಅನುಭವವೂ, ನಮ್ಮ ತಪ್ಪೂ ಉಪಯೋಗಕ್ಕೆ ಬಂದಾವು.

ಬರ್ಲಿನ್ನಿನ ನಡುಮನೆಯಿಂದ

ಹಾಸಿಗೆ ಇದ್ದಷ್ಟು ಕಾಲು ಚಾಚುವ ಕಂಪ್ಯೂಟರ್ ನಿರ್ಮಾಣಕ್ಕೆ ಜರ್ಮನಿಯಲ್ಲಿ ಹಿರಿಯ ಪರಂಪರೆಯೇ ಇದೆ. 1936ರಲ್ಲಿ ಕೊನ್ರಾಡ್ ತ್ಸೂಸೆ ಎಂಬ ತರುಣ ಎಂಜಿನಿಯರ್ ಬರ್ಲಿನ್ನಿನಲ್ಲಿ ತನ್ನ ತಂದೆತಾಯಿಯರ ಮನೆಯ ನಡುಮನೆಯಲ್ಲಿಯೇ ಗಣಕಯಂತ್ರವನ್ನು ಕಟ್ಟಲಾರಂಭಿಸಿದನು. ಹಣ ಬಂದದ್ದು ಮನೆಯವರಿಂದ ಮತ್ತು ಗೆಳೆಯರಿಂದ. ಆದೇಶಗಳನ್ನು ದಾಖಲಿಸಲು ಬೇಕಾದ ಪಟ್ಟಿಗೆ ಹಣವಿಲ್ಲದೆ, ಬಳಸಿ ಬಿಸುಟ 35 ಮಿಲಿಮೀಟರ್ ಸಿನಿಮಾ ಫಿಲ್ಮಿನಲ್ಲಿ ತೂತು ಕೊರೆದು ಕೆಲಸ ಸಾಗಿಸಿದನು. ಝಡ್1 ಎಂಬ ಆ ಯಂತ್ರ 1938ರಲ್ಲಿ ಪೂರ್ಣಗೊಂಡಿತು. ಮೂರನೆಯದಾದ ಝಡ್3ನ್ನು 1941ರ ಮೇ 12ರಂದು ಬರ್ಲಿನ್ನಿನಲ್ಲಿ ತಜ್ಞರ ಮುಂದೆ ಪ್ರದರ್ಶಿಸಲಾಯಿತು. ಆದೇಶಗಳಂತೆ ತಾನೇ ನಡೆಯುವ, ಕೆಲಸ ಮಾಡುವ ಮೊದಲ ಗಣಕಯಂತ್ರವೆಂದು ಇದನ್ನು ಗೌರವಿಸುತ್ತಾರೆ. ಎರಡೂ ಯಂತ್ರಗಳು ಯುದ್ಧಕಾಲದ ಬಾಂಬ್ ದಾಳಿಗಳಲ್ಲಿ ನಾಶವಾದವು. ಮುಂದೆ ತ್ಸೂಸೆಯೇ ಮುಂದೆ ನಿಂತು ಮಾಡಿಸಿದ ಪ್ರತಿಕೃತಿಗಳು ಇಂದಿಗೂ ಉಳಿದಿವೆ: ಝಡ್1 ಬರ್ಲಿನ್ನಿನ ತಂತ್ರಜ್ಞಾನ ವಸ್ತುಸಂಗ್ರಹಾಲಯದಲ್ಲಿ, ಝಡ್3 ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂನಲ್ಲಿ. ಮಕ್ಕಳೊಡನೆ ಆ ನಗರಗಳಿಗೆ ಹೋದವರು ಒಮ್ಮೆ ಕಣ್ಣಾರೆ ನೋಡಿಬರಬೇಕು.

ಆದರೆ ತ್ಸೂಸೆಯ ಯಂತ್ರಕ್ಕೆ ಚಿತ್ರ ತೋರಿಸುವ ಪರದೆಯಿರಲಿಲ್ಲ. ಆ ಪರದೆಯ ಬೀಜವನ್ನು ಬಿತ್ತಿದವನೂ ಜರ್ಮನಿಯವನೇ. 1897ರಲ್ಲಿ, ಆಗ ಜರ್ಮನ್ ಆಳ್ವಿಕೆಯಲ್ಲಿದ್ದ ಸ್ಟ್ರಾಸ್‌ಬರ್ಗಿನಲ್ಲಿ ಫರ್ಡಿನಾಂಡ್ ಬ್ರೌನ್ ಕ್ಯಾಥೋಡ್ ಕಿರಣದ ನಳಿಕೆಯನ್ನು ರೂಪಿಸಿದನು. ಜರ್ಮನ್ನರು ಇಂದಿಗೂ ಅದನ್ನು ಬ್ರೌನನ ನಳಿಕೆಯೆಂದೇ ಕರೆಯುತ್ತಾರೆ. ನಮ್ಮ ಬಾಲ್ಯದ ಟೆಲಿವಿಷನ್ ಪೆಟ್ಟಿಗೆ, ಎಂಬಿಬಿಎಸ್ ದಿನಗಳಲ್ಲಿ ವಾರ್ಡಿನಲ್ಲಿ ಹಸಿರು ಗೆರೆ ಓಡಿಸುತ್ತಿದ್ದ ಇಸಿಜಿ ಮಾನಿಟರ್, ಮೊದಲ ತಲೆಮಾರಿನ ಕಂಪ್ಯೂಟರ್ ಪರದೆ, ಎಲ್ಲವೂ ಆ ನಳಿಕೆಯ ಸಂತಾನವೇ. ಲೆಕ್ಕಹಾಕುವ ಯಂತ್ರಕ್ಕೂ ಬೆಳಗುವ ಪರದೆಗೂ ನಡುವೆ ನಿಂತು, ಅಂಕಿಗಳನ್ನು ಚಿತ್ರವಾಗಿಸುವ ಮಧ್ಯಸ್ಥನೇ ಗ್ರಾಫಿಕ್ಸ್ ಕಾರ್ಡ್.

ಐದು ಸ್ಲಾಟುಗಳು ಮತ್ತು ಎರಡು ಲಿಪಿಗಳು

1981ರಲ್ಲಿ ಐಬಿಎಂ ಸಂಸ್ಥೆ ಅಮೆರಿಕದಲ್ಲಿ ತನ್ನ ಪರ್ಸನಲ್ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಿತು. ಅದರೊಳಗೆ ಐದು ಸ್ಲಾಟುಗಳಿದ್ದವು. ಅಷ್ಟೇ ಅಲ್ಲದೆ ಯಂತ್ರದ ವಿದ್ಯುನ್ಮಂಡಲದ ನಕ್ಷೆಗಳನ್ನೇ ಒಳಗೊಂಡ ತಾಂತ್ರಿಕ ಕೈಪಿಡಿಯನ್ನು ಸಂಸ್ಥೆ ಪ್ರಕಟಿಸಿತು. ಇದರಿಂದ ಹೊರಗಿನವರಾರೂ ಆ ಸ್ಲಾಟಿಗೆ ಹೊಂದುವ ಕಾರ್ಡನ್ನು ತಯಾರಿಸಬಹುದಾಯಿತು. ಪರದೆಗೆ ಚಿತ್ರ ಕಳುಹಿಸುವ ಕೆಲಸವನ್ನೂ ಮದರ್‌ಬೋರ್ಡಿಗೆ ವಹಿಸದೆ ಪ್ರತ್ಯೇಕ ಕಾರ್ಡಿಗೇ ವಹಿಸಲಾಗಿತ್ತು. ಐಬಿಎಂ ಎರಡು ಬಗೆಯ ಕಾರ್ಡುಗಳನ್ನು ನೀಡಿತು. ಒಂದು ಸ್ಪಷ್ಟವಾದ ಅಕ್ಷರಗಳನ್ನು ಮಾತ್ರ ತೋರಿಸುತ್ತಿತ್ತು, ಚಿತ್ರ ಬಿಡಿಸುತ್ತಿರಲಿಲ್ಲ. ಇನ್ನೊಂದು ಬಣ್ಣದ ಚಿತ್ರ ಬಿಡಿಸುತ್ತಿತ್ತು, ಆದರೆ ಒರಟೊರಟಾಗಿ.

ಈ ಕೊರತೆ ಇಂಗ್ಲಿಷ್ ಬರೆಯುವವರನ್ನು ಅಷ್ಟಾಗಿ ಬಾಧಿಸಲಿಲ್ಲ. ಬಾಧಿಸಿದ್ದು ಬೇರೆ ಲಿಪಿಯವರನ್ನು. ವಾನ್ ಸುವನ್ನುಕುಲ್ ಎಂಬ ಥಾಯ್ ವಿದ್ಯಾರ್ಥಿ ಅಮೆರಿಕದಲ್ಲಿದ್ದುಕೊಂಡು ತನ್ನ ಡಾಕ್ಟರೇಟ್ ಪ್ರಬಂಧಕ್ಕೆ ಥಾಯ್ ಅಕ್ಷರಗಳನ್ನು ಬಳಸಬಯಸಿದನು. ಮೊದಲ ಕಾರ್ಡಿನಲ್ಲಿ ಆ ಅಕ್ಷರಗಳೇ ಇರಲಿಲ್ಲ. ಎರಡನೆಯದರಲ್ಲಿ ಮೂಡಿಸಿದರೆ ಓದಲಾಗುತ್ತಿರಲಿಲ್ಲ. ಆತ ಅಷ್ಟಕ್ಕೇ ಕೈಬಿಡದೆ ಐಬಿಎಂನ ಸ್ಲಾಟಿಗೆ ಹೊಂದುವ ತನ್ನದೇ ಕಾರ್ಡನ್ನು ರಚಿಸಿದನು. ಸ್ಪಷ್ಟ ಅಕ್ಷರಗಳನ್ನೂ, 720ಕ್ಕೆ 348 ಚುಕ್ಕಿಗಳ ಚಿತ್ರವನ್ನೂ ಒಂದೇ ಪರದೆಯಲ್ಲಿ ಕೊಟ್ಟ ಆ ಕಾರ್ಡು 1982ರಲ್ಲಿ ಹರ್ಕ್ಯುಲಿಸ್ ಎಂಬ ಹೆಸರಿನಿಂದ ಹೊರಬಂದು ಜಗತ್ತಿನಾದ್ಯಂತ ಮಾರಾಟವಾಯಿತು. ತಾಯ್ನುಡಿಯ ಲಿಪಿಯನ್ನು ಪರದೆಯ ಮೇಲೆ ಕಾಣಬೇಕೆಂಬ ಪರದೇಶವಾಸಿಯ ಹಂಬಲವೇ ಗ್ರಾಫಿಕ್ಸ್ ಕಾರ್ಡಿನ ಉದ್ಯಮಕ್ಕೆ ಒಂದು ಮುಖ್ಯ ತಿರುವನ್ನು ಕೊಟ್ಟಿತು. ಹೊರನಾಡಿನಲ್ಲಿ ಕನ್ನಡವನ್ನು ಉಳಿಸಿಕೊಳ್ಳಲು ಶ್ರಮಿಸುತ್ತಿರುವ ನಮಗೆ ಈ ಕಥೆ ಪರಕೀಯವೆನಿಸುವುದಿಲ್ಲ.

ಕನ್ನಡವೂ ಅದೇ ಬಾಗಿಲಿನಿಂದ ಒಳಬಂದಿತು. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ಆರಂಭಗೊಂಡು, ಮುಂದೆ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಸಂಶೋಧನೆಯ ಫಲವಾಗಿ ‘ಜಿಸ್ಟ್’ ಎಂಬ ಕಾರ್ಡು ಸಿದ್ಧವಾಯಿತು. ಕಂಪ್ಯೂಟರಿನ ಖಾಲಿ ಸ್ಲಾಟಿಗೆ ಇದನ್ನು ಸಿಕ್ಕಿಸಿದರೆ, ಇಂಗ್ಲಿಷ್ ಮಾತ್ರ ಬಲ್ಲ ಯಂತ್ರದ ಪರದೆಯ ಮೇಲೆ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಒತ್ತಕ್ಷರ, ದೀರ್ಘ, ಕೊಂಬುಗಳನ್ನು ಕೂಡಿಸುವ ಕೆಲಸವನ್ನು ಆ ಕಾರ್ಡೇ ನಿರ್ವಹಿಸುತ್ತಿತ್ತು. ಮುಂದೆ ಕನ್ನಡ ಬರೆಯಲು ಪ್ರತ್ಯೇಕ ಕಾರ್ಡಿನ ಅಗತ್ಯ ಉಳಿಯಲಿಲ್ಲ. 1998ರಲ್ಲಿ ‘ಬರಹ’ ಬಂದಿತು; ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದಿತು; 2001ರ ವಿಂಡೋಸ್ ಎಕ್ಸ್‌ಪಿ ತನ್ನೊಡನೆ ‘ತುಂಗಾ’ ಎಂಬ ಕನ್ನಡ ಅಕ್ಷರವಿನ್ಯಾಸವನ್ನು ಹೊತ್ತು ತಂದಿತು. ಎಂಬಿಬಿಎಸ್ ಓದುತ್ತಿದ್ದಾಗ ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ತೆತ್ತು, ಬರಹದಲ್ಲಿ ನಮ್ಮ ಹೆಸರನ್ನು ಮೊದಲ ಬಾರಿ ಕನ್ನಡದಲ್ಲಿ ಮೂಡಿಸಿದ ಸಂತೋಷ ಇನ್ನೂ ನೆನಪಿದೆ. ಆ ಹಾದಿಯನ್ನು ಮೊದಲು ಸವೆಸಿದ್ದು ಸ್ಲಾಟಿಗೆ ಸಿಕ್ಕಿಸಿದ ಒಂದು ಹಲಗೆಯೆಂಬುದು ಆಗ ನಮಗೆ ತಿಳಿದಿರಲಿಲ್ಲ.

ಆಖೆನ್ನಿನ ಕಾರ್ಡು, ದಿನಸಿ ಅಂಗಡಿಯ ಕಂಪ್ಯೂಟರ್

ಇತ್ತ ಜರ್ಮನಿಯಲ್ಲಿ 1980ರ ದಶಕವು ಕೊಮೊಡೋರ್ 64ರ ಕಾಲ. ಟೆಲಿವಿಷನ್ನಿಗೆ ಜೋಡಿಸುವ ಆ ಯಂತ್ರವನ್ನು ಪಶ್ಚಿಮ ಜರ್ಮನಿ ಮನಸಾರೆ ಅಪ್ಪಿಕೊಂಡಿತು. ಬ್ರೌನ್‌ಶ್ವೈಗಿನಲ್ಲಿ ಕೊಮೊಡೋರಿನ ಕಾರ್ಖಾನೆಯೇ ಇತ್ತು. ಆದರೆ ಅದು ಮುಚ್ಚಿದ ಯಂತ್ರ. ಅದರ ಚಿತ್ರಶಕ್ತಿ ಹುಟ್ಟಿನೊಡನೆ ಬಂದದ್ದು. ಕಾಲ ಸರಿದಂತೆ ಹೆಚ್ಚಿಸಲಾಗುತ್ತಿರಲಿಲ್ಲ. 1990ರ ದಶಕದಲ್ಲಿ ಸ್ಲಾಟುಗಳಿದ್ದ ಪಿಸಿ ಅದರ ಸ್ಥಾನವನ್ನು ಆಕ್ರಮಿಸಿತು. 1975ರಲ್ಲಿ ಆಖೆನ್ನಿನಲ್ಲಿ ಸ್ಥಾಪನೆಗೊಂಡಿದ್ದ ವೋಬಿಸ್ ಹಾಗೂ ಹೆಪೆನ್‌ಹೈಮಿನ ಎಸ್ಕಾಮ್ ಸಂಸ್ಥೆಗಳು ಊರೂರಿಗೂ ಅಂಗಡಿ ತೆರೆದವು. ಎಸ್ಸೆನ್ ನಗರದ ಮೆಡಿಯಾನ್ ಸಂಸ್ಥೆ ಒದಗಿಸಿದ ಕಂಪ್ಯೂಟರುಗಳು ಅಲ್ಡಿ ಮಳಿಗೆಗಳಲ್ಲಿ ಹಾಲು, ಬ್ರೆಡ್ಡುಗಳ ನಡುವೆ ಮಾರಾಟವಾದವು. ಅಂಗಡಿ ತೆರೆಯುವ ಮುನ್ನವೇ ಜನ ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ನಮ್ಮ ನೆರೆಯ ಹಿರಿಯ ಜರ್ಮನ್ ದಂಪತಿಗಳು ಇಂದಿಗೂ ನಗುತ್ತ ನೆನೆಯುತ್ತಾರೆ.

ಇದೇ ಕಾಲದಲ್ಲಿ ನಮ್ಮ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕ್ಯಾಬಿನೆಟ್ ಒಂದು ಅಂಗಡಿಯಲ್ಲಿ, ಮದರ್‌ಬೋರ್ಡ್ ಮತ್ತೊಂದರಲ್ಲಿ ಕೊಂಡು, ಪರಿಚಯದ ಹುಡುಗನಿಂದ ‘ಅಸೆಂಬಲ್’ ಮಾಡಿಸುವ ಪದ್ಧತಿ ಬೆಳೆಯಿತು. ಜರ್ಮನಿಯ ಕುಟುಂಬವು ಜೋಡಿಸಿದ ಪೆಟ್ಟಿಗೆಯನ್ನು ತಂದಿತು. ಕರ್ನಾಟಕದ ಕುಟುಂಬವು ಪೆಟ್ಟಿಗೆಯನ್ನು ಜೋಡಿಸಿಕೊಂಡಿತು. ದಾರಿ ಬೇರೆಯಾದರೂ ಎರಡರ ಒಳಗೂ ಇದ್ದದ್ದು ಒಂದೇ ಅಳತೆಯ ಸ್ಲಾಟು.

ಆ ಸ್ಲಾಟಿಗೆ ಕಾರ್ಡು ತಯಾರಿಸುವವರು ಜರ್ಮನಿಯಲ್ಲಿಯೇ ಇದ್ದರೆಂಬುದು ನಮಗೆ ಹೊಸ ವಿಷಯವಾಗಿತ್ತು. ಆಖೆನ್ನಿನ ಎಲ್ಸಾ, ಬ್ರೌನ್‌ಶ್ವೈಗಿನ ಮೀರೋ, ಶ್ಟಾರ್ನ್‌ಬೆರ್ಗಿನ ಸ್ಪೇಯಾ ಸಂಸ್ಥೆಗಳ ಕಾರ್ಡುಗಳು ಆ ಕಾಲದ ಆಸಕ್ತರಿಗೆಲ್ಲ ಪರಿಚಿತವಾಗಿದ್ದವು. 1996ರಲ್ಲಿ ಅಮೆರಿಕದ ತ್ರೀಡಿಎಫ್‌ಎಕ್ಸ್ ಸಂಸ್ಥೆಯ ವೂಡೂ ಬಂದಿತು. ಅದು ಹಳೆಯ ಕಾರ್ಡನ್ನು ಹೊರಗಟ್ಟಲಿಲ್ಲ; ಪಕ್ಕದ ಸ್ಲಾಟಿನಲ್ಲಿ ಕುಳಿತು, ಹೊರಗಿನಿಂದ ಒಂದು ಕೇಬಲಿನ ಮೂಲಕ ಹಳೆಯದರ ಚಿತ್ರವನ್ನು ತನ್ನೊಳಗಿಂದ ಹಾಯಿಸಿ, ಮೂರು ಆಯಾಮದ ಆಟ ಬಂದಾಗ ಮಾತ್ರ ತಾನು ಕೆಲಸಕ್ಕಿಳಿಯುತ್ತಿತ್ತು. ಇದ್ದ ಯಂತ್ರವನ್ನು ಇಟ್ಟುಕೊಂಡೇ ಆಟಕ್ಕಾಗಿ ಒಂದು ಕಾರ್ಡು ಸೇರಿಸುವ ರೂಢಿ ಮನೆಮನೆಗೆ ಹಬ್ಬಿದ್ದು ಆಗಲೇ. 1999ರಲ್ಲಿ ಎನ್‌ವಿಡಿಯಾ ಸಂಸ್ಥೆ ಜಿಫೋರ್ಸ್ 256 ಎಂಬ ಚಿಪ್ಪನ್ನು ತಂದು, ಅದನ್ನು ‘ಜಿಪಿಯು’ ಎಂಬ ಹೆಸರಿನಲ್ಲಿ ಪ್ರಚಾರ ಮಾಡಿತು. ಎಲ್ಸಾ ಎನ್‌ವಿಡಿಯಾದ ಚಿಪ್ಪುಗಳನ್ನೇ ಬಳಸಿ ‘ಇರೇಜರ್’ ಎಂಬ ಕಾರ್ಡುಗಳನ್ನು ತಯಾರಿಸುತ್ತಿತ್ತು.

ಏಳಿಗೆ ಬಹುಕಾಲ ಬಾಳಲಿಲ್ಲ. ಸ್ಪೇಯಾ 1995ರಲ್ಲಿ ಅಮೆರಿಕದ ಡೈಮಂಡ್ ಸಂಸ್ಥೆಯ ಪಾಲಾಯಿತು. ಕೊಮೊಡೋರನ್ನೇ ಕೊಂಡಿದ್ದ ಎಸ್ಕಾಮ್ ಮರುವರ್ಷ, ಅಂದರೆ 1996ರಲ್ಲಿ ದಿವಾಳಿಯಾಯಿತು. ಎಲ್ಸಾ 2002ರಲ್ಲಿ ನೆಲಕಚ್ಚಿತು. ವೂಡೂವಿನ ತ್ರೀಡಿಎಫ್‌ಎಕ್ಸ್ ಕೂಡ 2000ದ ಅಂತ್ಯಕ್ಕೆ ತನ್ನ ಆಸ್ತಿಯನ್ನು ಎನ್‌ವಿಡಿಯಾಗೆ ಮಾರಬೇಕಾಯಿತು. ಇಲ್ಲೊಂದು ಪಾಠವಿದೆ. ಕಾರ್ಡು ತಯಾರಿಸಿದವರು ಅಳಿದರು, ಪೆಟ್ಟಿಗೆ ಮಾರಿದವರು ಅಳಿದರು. ಆದರೂ ಗ್ರಾಹಕನ ಯಂತ್ರ ಅನಾಥವಾಗಲಿಲ್ಲ. ಏಕೆಂದರೆ ಸ್ಲಾಟಿನ ಅಳತೆ ಯಾವೊಬ್ಬನ ಗುಟ್ಟೂ ಆಗಿರಲಿಲ್ಲ. ಎಲ್ಲರೂ ಒಪ್ಪಿದ ಅಳತೆಯಿದ್ದರೆ ಒಬ್ಬ ವ್ಯಾಪಾರಿಯ ಪತನದಿಂದ ಮನೆಯ ವಸ್ತು ಕಸವಾಗುವುದಿಲ್ಲ.

2000ದ ಮಾತು

ಗ್ರಾಫಿಕ್ಸ್ ಕಾರ್ಡಿನ ಚರಿತ್ರೆಯ ಈ ಘಟ್ಟದಲ್ಲಿಯೇ ನಮ್ಮವರ ಚರಿತ್ರೆಯೂ ಬಂದು ಸೇರುತ್ತದೆ. 2000ದ ಫೆಬ್ರವರಿಯಲ್ಲಿ ಹನೋವರಿನ ಸೆಬಿಟ್ ಕಂಪ್ಯೂಟರ್ ಮೇಳದಲ್ಲಿ ಆಗಿನ ಚಾನ್ಸಲರ್ ಗೆರ್ಹಾರ್ಡ್ ಶ್ರೋಡರ್ ಹೊರನಾಡಿನ ಕಂಪ್ಯೂಟರ್ ತಜ್ಞರಿಗೆ ‘ಗ್ರೀನ್ ಕಾರ್ಡ್’ ನೀಡುವುದಾಗಿ ಪ್ರಕಟಿಸಿದರು. ಆಗಸ್ಟ್ 1ರಿಂದ ಯೋಜನೆ ಜಾರಿಗೆ ಬಂದಿತು. ಐದು ವರ್ಷಗಳ ಮಿತಿ, 20,000 ಜನರ ಗುರಿ. ನಮ್ಮ ಸಂಘದ ಹಿರಿಯ ಸದಸ್ಯರಲ್ಲಿ ಹಲವರು ಈ ನೆಲಕ್ಕೆ ಕಾಲಿಟ್ಟದ್ದು ಆ ಹಸಿರು ಚೀಟಿಯಿಂದಲೇ.

ಸ್ವಾಗತದ ಜೊತೆಗೆ ವಿರೋಧವೂ ಇತ್ತು. ಅದೇ ವರ್ಷ ನಾರ್ಥ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ ಚುನಾವಣೆಯ ಹೊತ್ತಿನಲ್ಲಿ ಯುರ್ಗೆನ್ ರ‍್ಯೂಟ್‌ಗರ್ಸ್ ಎಂಬ ನಾಯಕರು, ಕಂಪ್ಯೂಟರಿನ ಮುಂದೆ ಕೂರಬೇಕಾದವರು ಭಾರತೀಯರಲ್ಲ, ನಮ್ಮ ಮಕ್ಕಳು ಎಂಬರ್ಥದ ಮಾತನ್ನಾಡಿದರು. ಅದು ‘ಕಿಂಡರ್ ಶ್ಟಾಟ್ ಇಂಡರ್’ ಎಂಬ ಪ್ರಾಸಬದ್ಧ ಘೋಷಣೆಯಾಗಿ ದೇಶವೆಲ್ಲ ಹರಡಿತು. ಆ ದಿನಗಳಲ್ಲಿ ಇಲ್ಲಿದ್ದ ಹಿರಿಯರು ಈ ಮಾತನ್ನು ನೆನೆದಾಗ ಇಂದಿಗೂ ಒಂದು ಕ್ಷಣ ಸುಮ್ಮನಾಗುತ್ತಾರೆ.

ಕಾಲವೇ ಇದಕ್ಕೆ ಉತ್ತರ ಕೊಟ್ಟಿತು. ಟರ್ಕಿ ಮೂಲದ ವಲಸಿಗ ಕುಟುಂಬದ ಮೂವರು ಸಹೋದರರು, ಯೆರ್ಲಿ ಬಂಧುಗಳು, 1999ರಲ್ಲಿ ಬವೇರಿಯಾದ ಕೋಬುರ್ಗ್ ಎಂಬ ಚಿಕ್ಕ ಪಟ್ಟಣದಲ್ಲಿ ಕ್ರೈಟೆಕ್ ಸಂಸ್ಥೆಯನ್ನು ಸ್ಥಾಪಿಸಿದ್ದರು. 2004ರಲ್ಲಿ ಅವರ ‘ಫಾರ್ ಕ್ರೈ’ ಆಟ ಹೊರಬಂದಿತು. ಫ್ರಾಂಕ್‌ಫರ್ಟಿಗೆ ನೆಲೆ ಬದಲಿಸಿದ ಮೇಲೆ, 2007ರಲ್ಲಿ ‘ಕ್ರೈಸಿಸ್’ ಬಂದಿತು. ಅದರ ಕಾಡು, ನೀರು, ಬೆಳಕುಗಳ ಚಿತ್ರಣ ಎಷ್ಟು ಭಾರವಾಗಿತ್ತೆಂದರೆ, ಆ ಕಾಲದ ಉತ್ತಮ ಕಾರ್ಡುಗಳೂ ತಿಣುಕಿದವು. ಹೊಸ ಕಂಪ್ಯೂಟರ್ ಬಂದಾಗಲೆಲ್ಲ “ಇದರಲ್ಲಿ ಕ್ರೈಸಿಸ್ ಓಡುತ್ತದೆಯೇ?” ಎಂದು ಕೇಳುವುದು ಜಗತ್ತಿನಾದ್ಯಂತ ಹಾಸ್ಯದ ಮಾತಾಯಿತು. ಗ್ರಾಫಿಕ್ಸ್ ಕಾರ್ಡಿನ ಒರೆಗಲ್ಲು ಜರ್ಮನಿಯ ವಲಸಿಗರ ಮಕ್ಕಳ ಕೈಯಿಂದ ಬಂದಿತು. ಮಗನು ಪರದೆಯ ಮುಂದೆ ಕುಳಿತಾಗ ಗದರಿಸುವ ಮುನ್ನ ನಾವು ಈ ಸಂಗತಿಯನ್ನೂ ಒಮ್ಮೆ ನೆನೆಯುತ್ತೇವೆ.

ನಮ್ಮ ತಪ್ಪು

ಇನ್ನು ನಮ್ಮ ಮನೆಯ ಪೆಟ್ಟಿಗೆಗೆ ಮರಳೋಣ. ಅದರಲ್ಲಿದ್ದದ್ದು ಜಿಟಿಎಕ್ಸ್ 1650 ಎಂಬ ಕಾರ್ಡು. 4 ಜಿಬಿ ಮೆಮೊರಿ. ಆರು ಕೋರುಗಳ ಪ್ರೊಸೆಸರ್ ಇನ್ನೂ ಗಟ್ಟಿಯಾಗಿತ್ತು, 16 ಜಿಬಿ ರ‍್ಯಾಮ್ ಇತ್ತು. ಸವೆದ ಗಾಲಿ ಯಾವುದೆಂದು ಸ್ಪಷ್ಟವಾಯಿತು. ಉತ್ಸಾಹದಲ್ಲಿ ತಂದೆ ಮಗ ಇಬ್ಬರೂ ಸೇರಿ, ಖಾಸಗಿ ವ್ಯಕ್ತಿಯೊಬ್ಬರಿಂದ ಬಳಸಿದ ಆರ್‌ಟಿಎಕ್ಸ್ 3070 ಕಾರ್ಡನ್ನು 240 ಯೂರೋಗೆ ತಂದೆವು. ತಂದ ಮೇಲೆ ನೋಡಿದರೆ ಮೂರು ಫ್ಯಾನುಗಳ ಆ ಕಾರ್ಡು 30 ಸೆಂಟಿಮೀಟರಿಗೂ ಉದ್ದವಿತ್ತು. ಕ್ಯಾಬಿನೆಟ್ಟಿನಲ್ಲಿದ್ದ ಜಾಗ 27. ಅದಕ್ಕೆ 8 ಪಿನ್ನುಗಳ ಎರಡು ವಿದ್ಯುತ್ ಕೇಬಲ್ ಬೇಕಿತ್ತು. ನಮ್ಮ ಯಂತ್ರದಲ್ಲಿದ್ದದ್ದು 6 ಪಿನ್ನಿನ ಒಂದೇ ಒಂದು. ಕಾರ್ಡು 220 ವ್ಯಾಟ್ ಬೇಡುತ್ತಿತ್ತು. ಇಡೀ ಯಂತ್ರದ ಪವರ್ ಸಪ್ಲೈಯೇ 350 ವ್ಯಾಟಿನದು. ರಕ್ತದ ಗುಂಪು ನೋಡದೆ ರಕ್ತ ಕೊಡುವ ವೈದ್ಯನಿಲ್ಲ. ನಾವು ಮಾಡಿದ್ದು ಹೆಚ್ಚುಕಡಿಮೆ ಅದೇ ಆಗಿತ್ತು. ಖಾಸಗಿ ಮಾರಾಟವಾದ್ದರಿಂದ ಹಿಂದಿರುಗಿಸುವ ಹಕ್ಕೂ ಇರಲಿಲ್ಲ. 35 ಯೂರೋ ನಷ್ಟಕ್ಕೆ ಅದನ್ನು ಮರುಮಾರಾಟ ಮಾಡಿದೆವು.

ಈ ತೊಡಕಿಗೂ ಒಂದು ಚರಿತ್ರೆಯಿದೆ. ಮೊದಲ ಕಾರ್ಡುಗಳು ತಮಗೆ ಬೇಕಾದ ಅಲ್ಪ ವಿದ್ಯುತ್ತನ್ನು ಸ್ಲಾಟಿನಿಂದಲೇ ಪಡೆಯುತ್ತಿದ್ದವು. ಆಟಗಳು ಬೆಳೆದಂತೆ ಕಾರ್ಡಿನ ಹಸಿವೂ ಬೆಳೆಯಿತು. ಇಂದಿನ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟು ಕೊಡಬಲ್ಲದ್ದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ನಿನ ಕೇಬಲ್ ಇನ್ನೊಂದು 75, 8 ಪಿನ್ನಿನದು 150 ವ್ಯಾಟ್ ಕೊಡುತ್ತದೆ. ಸ್ಲಾಟಿನ ಅಳತೆ ಎಲ್ಲೆಡೆ ಒಂದೇ ಆದರೂ ಪವರ್ ಸಪ್ಲೈ ಎಲ್ಲೆಡೆ ಒಂದೇ ಅಲ್ಲ. ಎಸ್.ಪಿ. ರಸ್ತೆಯವರು ಎಸ್‌ಎಂಪಿಎಸ್ ಎಂದೂ, ಇಲ್ಲಿಯವರು ನೆಟ್ಸ್‌ಟೈಲ್ ಎಂದೂ ಕರೆಯುವ ಈ ಭಾಗದಲ್ಲಿಯೇ ಜೋಡಿಸಿ ಮಾರುವವರು ಹಣ ಉಳಿಸುವುದು. ಜಾಹೀರಾತಿನಲ್ಲಿ ಪ್ರೊಸೆಸರಿನ ಹೆಸರೂ ಕಾರ್ಡಿನ ಹೆಸರೂ ದೊಡ್ಡಕ್ಷರಗಳಲ್ಲಿರುತ್ತವೆ. ನೆಟ್ಸ್‌ಟೈಲಿನ ಹೆಸರು ಹುಡುಕಿದರೂ ಸಿಗುವುದಿಲ್ಲ.

ಎರಡನೆಯ ಸಲ ನಾವು ಕ್ರಮವಾಗಿ ನಡೆದೆವು. ಮೊದಲು ರೋಗನಿದಾನ, ಆಮೇಲೆ ಚಿಕಿತ್ಸೆ. ಕ್ಯಾಬಿನೆಟ್ಟಿನ ಒಳಜಾಗವನ್ನು ಅಳತೆಪಟ್ಟಿಯಿಂದ ಅಳೆದೆವು. ಪವರ್ ಸಪ್ಲೈಯ ಮೇಲಿನ ಚೀಟಿಯನ್ನು ಓದಿದೆವು. ಮದರ್‌ಬೋರ್ಡಿಗೆ ಹೋಗುವ ಕೇಬಲ್ 24 ಪಿನ್ನುಗಳ ಸಾಮಾನ್ಯ ಎಟಿಎಕ್ಸ್ ಮಾದರಿಯದೇ ಎಂದು ಖಚಿತಪಡಿಸಿಕೊಂಡೆವು. ಇದು ಮುಖ್ಯ; 1995ರಲ್ಲಿ ಇಂಟೆಲ್ ರೂಪಿಸಿದ ಈ ಎಟಿಎಕ್ಸ್ ಅಳತೆಯನ್ನು ಬಿಟ್ಟು ತಮ್ಮದೇ ಆಕಾರದ ಪವರ್ ಸಪ್ಲೈ ಬಳಸುವ ತಯಾರಕರೂ ಇದ್ದಾರೆ. ಅಂಥ ಯಂತ್ರದಲ್ಲಿ ಹೊರಗಿನ ಪವರ್ ಸಪ್ಲೈ ಕೂರುವುದಿಲ್ಲ. ಪರದೆಯನ್ನೂ ಪರಿಶೀಲಿಸಿದೆವು: 1920ಕ್ಕೆ 1080 ಚುಕ್ಕಿಗಳದು. ಆ ಪರದೆಗೆ ಇದಕ್ಕಿಂತ ದೊಡ್ಡ ಕಾರ್ಡು ವ್ಯರ್ಥವೆಂದು ಮಗನೇ ಒಪ್ಪಿಕೊಂಡನು.

ಕೊನೆಗೆ ಆಯ್ದದ್ದು 8 ಜಿಬಿ ಮೆಮೊರಿಯ ಆರ್‌ಎಕ್ಸ್ 6600. ಎಎಂಡಿ ಸಂಸ್ಥೆ 2021ರಲ್ಲಿ ತಂದ ಈ ಕಾರ್ಡು 132 ವ್ಯಾಟ್ ಬೇಡುತ್ತದೆ. 8 ಪಿನ್ನಿನ ಒಂದು ಕೇಬಲ್ ಸಾಕು. ಬಳಸಿದ ಕಾರ್ಡನ್ನು ವ್ಯಾಪಾರಿಯೊಬ್ಬರಿಂದ 140 ಯೂರೋಗೆ, ಹೊಸ 550 ವ್ಯಾಟಿನ ಪವರ್ ಸಪ್ಲೈಯನ್ನು 65 ಯೂರೋಗೆ ಕೊಂಡೆವು. ಮೊದಲಿನ ನಷ್ಟ ಸೇರಿ ಒಟ್ಟು 240 ಯೂರೋ. 3070ಕ್ಕೆ ಹೋಲಿಸಿದರೆ ಸುಮಾರು 90 ವ್ಯಾಟ್ ಉಳಿತಾಯ. ದಿನಕ್ಕೆ ಎರಡು ಗಂಟೆ ಆಟ, ಯೂನಿಟ್ಟಿಗೆ 35 ಸೆಂಟ್ ಎಂದು ಹಿಡಿದರೆ ವರ್ಷಕ್ಕೆ 23 ಯೂರೋ ವಿದ್ಯುತ್ ವೆಚ್ಚವೂ ಉಳಿಯುತ್ತದೆ.

ಜೋಡಿಸುವ ಕೆಲಸ ಒಂದು ಗಂಟೆಯಲ್ಲಿ ಮುಗಿಯಿತು. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಸ್ಲಾಟಿನ ತುದಿಯ ಕೊಂಡಿಯನ್ನು ಒತ್ತಿ ಹಳೆಯದನ್ನು ಎತ್ತಿ, ಹೊಸದನ್ನು ‘ಟಕ್’ ಎನ್ನುವವರೆಗೆ ಇಳಿಸಿದೆವು. ಎರಡು ಎಚ್ಚರಿಕೆಗಳು ಅಗತ್ಯ. ಪವರ್ ಸಪ್ಲೈಯ ಡಬ್ಬಿಯನ್ನು ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಹಾರ್ಡ್‌ಡಿಸ್ಕಿನ ಸಾಟಾ ಕೇಬಲನ್ನು 8 ಪಿನ್ನಾಗಿ ಪರಿವರ್ತಿಸುವ ಅಗ್ಗದ ಅಡಾಪ್ಟರುಗಳನ್ನು ಬಳಸಬಾರದು. ಸುಮಾರು 54 ವ್ಯಾಟ್ ಹೊರಬಲ್ಲ ಸಾಟಾ ಪ್ಲಗ್ಗಿನ ಮೇಲೆ 150 ವ್ಯಾಟಿನ ಭಾರ ಹೊರಿಸಿದರೆ ಅದು ಕರಗಿ ಬೆಂಕಿ ಹೊತ್ತಿಕೊಳ್ಳಬಹುದು. ಸುಟ್ಟಗಾಯಗಳ ಚಿಕಿತ್ಸೆ ಮಾಡಿ ಬಲ್ಲವರ ಮಾತಿದು.

ಬೆಲೆ ಇಳಿದ ಕಾಲ, ಕಾನೂನಿನ ಆಸರೆ

ನಾಲ್ಕೈದು ವರ್ಷಗಳ ಹಿಂದೆ ಈ ಲೆಕ್ಕ ನಡೆಯುತ್ತಿರಲಿಲ್ಲ. 2020ರ ಕೊನೆಯಿಂದ 2022ರವರೆಗೆ ಕೊರೋನಾ ಕಾಲದ ಬೇಡಿಕೆ, ಚಿಪ್ಪುಗಳ ಕೊರತೆ, ಕ್ರಿಪ್ಟೋ ನಾಣ್ಯ ಗಳಿಸಲು ಕಾರ್ಡುಗಳನ್ನು ಸಾಲಾಗಿ ಓಡಿಸುವವರ ಪೈಪೋಟಿ, ಈ ಮೂರೂ ಕೂಡಿ ಕಾರ್ಡುಗಳು ಕೈಗೆಟುಕದಾದವು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಜಾಲವು ತನ್ನ ವಿಧಾನವನ್ನೇ ಬದಲಿಸಿ ಕಾರ್ಡುಗಳಿಂದ ಗಣಿಗಾರಿಕೆ ಮಾಡುವುದನ್ನು ಕೊನೆಗೊಳಿಸಿತು. ಹಳೆಯ ಕಾರ್ಡುಗಳು ಮಾರುಕಟ್ಟೆಗೆ ಬಂದವು. ಮುಗಿಬಿದ್ದು ಕೊಳ್ಳುವವರು ಕಡಿಮೆಯಾದರು.

ಬಳಸಿದ ಕಾರ್ಡು ಕೊಳ್ಳುವವರು ಇಲ್ಲಿನ ಕಾನೂನನ್ನು ತಿಳಿದಿರಬೇಕು. ವ್ಯಾಪಾರಿಯಿಂದ ಹೊಸ ವಸ್ತು ಕೊಂಡರೆ ಎರಡು ವರ್ಷಗಳ ‘ಗೆವೇರ್‌ಲೈಸ್ಟುಂಗ್’ ಹೊಣೆಗಾರಿಕೆ ಇರುತ್ತದೆ; ಬಳಸಿದ ವಸ್ತುವಿಗೆ ಅದನ್ನು ಒಂದು ವರ್ಷಕ್ಕೆ ಇಳಿಸಬಹುದು. 2022ರ ಆರಂಭದಿಂದ, ಮೊದಲ ಒಂದು ವರ್ಷದಲ್ಲಿ ದೋಷ ಕಂಡರೆ, ಮಾರುವಾಗ ಅದು ಇರಲಿಲ್ಲವೆಂದು ಸಾಬೀತುಪಡಿಸಬೇಕಾದವನು ವ್ಯಾಪಾರಿಯೇ. ಅಂತರಜಾಲದಲ್ಲಿ ವ್ಯಾಪಾರಿಯಿಂದ ಕೊಂಡದ್ದನ್ನು 14 ದಿನಗಳೊಳಗೆ ಕಾರಣ ಹೇಳದೆಯೂ ಹಿಂದಿರುಗಿಸಬಹುದು. ಖಾಸಗಿ ಮಾರಾಟಗಾರನಾದರೋ ತನ್ನ ಹೊಣೆಯನ್ನು ಕಳಚಿಕೊಳ್ಳಬಹುದು. ಆದಕಾರಣ ಖಾಸಗಿಯಾಗಿ ಕೊಳ್ಳುವಾಗ ಮಾರುವವರ ಮನೆಯಲ್ಲಿಯೇ ಕಾರ್ಡು ಓಡುವುದನ್ನು ಕಂಡು ಹಣ ಕೊಡುವುದು ಲೇಸು. ಕೆಟ್ಟ ಭಾಗಗಳನ್ನು ಮನೆಯ ಕಸದ ಡಬ್ಬಿಗೆ ಹಾಕುವಂತಿಲ್ಲ. ನಗರಸಭೆಯ ‘ವೆರ್ಟ್‌ಶ್ಟೋಫ್‌ಹೋಫ್’ಗೆ ಒಯ್ಯಬೇಕು.

ಪೋಷಕರಿಗೆ ವೈದ್ಯರಾಗಿ ಒಂದು ಮಾತು. ಆಟದ ಡಬ್ಬಿಯ ಮೇಲಿನ ಯುಎಸ್‌ಕೆ ವಯೋಸೂಚನೆಯನ್ನು ಗಮನಿಸಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರಿಂದ ಆಟದ ವ್ಯಸನಕ್ಕೂ ಸ್ಥಾನವಿದೆ. ಆದರೆ ಅದರ ಲಕ್ಷಣ ಆಟವಾಡಿದ ಗಂಟೆಗಳ ಲೆಕ್ಕವಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಓದು, ನಿದ್ದೆ, ಸ್ನೇಹಗಳು ಹಾಳಾಗುತ್ತ, ಸಾಮಾನ್ಯವಾಗಿ ಹನ್ನೆರಡು ತಿಂಗಳ ಕಾಲ ಹಾಗೆಯೇ ಮುಂದುವರಿಯುವುದು. ಕಾರ್ಡು ಕೊಡಿಸುವಾಗಲೇ ಸಮಯದ ಒಪ್ಪಂದವನ್ನೂ ಮಾಡಿಕೊಂಡರೆ ಮುಂದಿನ ಜಗಳ ತಪ್ಪುತ್ತದೆ.

ಹಳೆಯ ಕಾರ್ಡಿನ ಹೊಸ ಕೆಲಸ

ಹೊರತೆಗೆದ 1650 ಕಾರ್ಡು ಮೇಜಿನ ಮೇಲೆ ಉಳಿದಿತ್ತು. ಮಾರಿದರೆ ಐವತ್ತು ಯೂರೋ ಸಿಗಬಹುದಿತ್ತು. ಸಂಘದ ಕನ್ನಡ ಕಲಿ ತರಗತಿಯಲ್ಲಿ ದಾನವಾಗಿ ಬಂದಿದ್ದ ಹಳೆಯ ಕಂಪ್ಯೂಟರೊಂದು ಪರದೆಗೆ ಚಿತ್ರ ಕಳುಹಿಸದೆ ಮೂಲೆ ಸೇರಿದ್ದುದು ಮಗನಿಗೆ ನೆನಪಾಯಿತು. ನಮ್ಮ ಈ ಕಾರ್ಡಿಗೆ ಬೇರೆ ಕೇಬಲೇ ಬೇಡ. ಸ್ಲಾಟು ಕೊಡುವ 75 ವ್ಯಾಟಿನಲ್ಲಿಯೇ ಅದು ಬದುಕುತ್ತದೆ. ಶನಿವಾರ ತರಗತಿಗೆ ಮೊದಲು ಅವನೇ ಆ ಪೆಟ್ಟಿಗೆಯನ್ನು ಬಿಚ್ಚಿದನು, ಅಳೆದನು, ಚೀಟಿ ಓದಿದನು, ಆಮೇಲೆ ಕಾರ್ಡನ್ನು ಇಳಿಸಿದನು. ತಂದೆಯವರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು.

ಪರದೆ ಬೆಳಗಿತು. ಅಂದಿನ ಪಾಠ ಒತ್ತಕ್ಷರದ್ದು. ಆರು ವರ್ಷದ ಮಕ್ಕಳು ‘ಅಕ್ಕ’, ‘ಅಪ್ಪ’, ‘ಅಜ್ಜ’ ಎಂದು ಒಟ್ಟಾಗಿ ಓದಿದರು. ತರಗತಿ ಮುಗಿದ ಮೇಲೆ ತಂದೆಯವರು ಮೊಮ್ಮಗನ ಬೆನ್ನು ತಟ್ಟಿ, “ಗಾಡಿ ಓಡ್ತಲ್ಲೋ” ಎಂದಷ್ಟೇ ಹೇಳಿದರು.

ನಿಮ್ಮ ಮನೆಯಲ್ಲಿಯೂ ಬಳಕೆಯಿಲ್ಲದ ಕಾರ್ಡು, ರ‍್ಯಾಮ್, ಪವರ್ ಸಪ್ಲೈಗಳಿದ್ದರೆ ಮುಂದಿನ ಕೂಟಕ್ಕೆ ತನ್ನಿರಿ. ಯಂತ್ರ ಬಿಚ್ಚಲು ಹಿಂಜರಿಯುವವರು ಯಂತ್ರವನ್ನೇ ತಂದರೂ ಆದೀತು. ಸ್ಕ್ರೂಡ್ರೈವರ್ ಮತ್ತು ಅಳತೆಪಟ್ಟಿ ನಮ್ಮಲ್ಲಿರುತ್ತವೆ.